ಉಪ್ಪು ನೋಡುವ ಕೆಲಸ

"ನನ್ನನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ ಮೇಡಂ," ಎಂದ ಮನೋಜ್. "ನನಗೆ ಕೆಲಸ ಇದೆ."

ಅಹಲ್ಯಾ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಕನ್ನಡ ಪತ್ರಿಕೆಯೊಂದರ ದೆಹಲಿ ವರದಿಗಾರ್ತಿಯಾದ ಅವಳು ಆರ್ಥಿಕ ಹಿಂಜರಿತದಲ್ಲಿ ಕೆಲಸ ಕಳೆದುಕೊಂಡವರನ್ನು ಹುಡುಕಿಕೊಂಡು ಬೆಳಿಗ್ಗೆಯೇ ನೋಯ್ಡಾದ ಈ ಇಡ್ಲಿ ಹೋಟೆಲಿಗೆ ಬಂದಿದ್ದಳು. ಎದುರಿನ ಗಾಜಿನ ಕಟ್ಟಡದಲ್ಲಿ ಎರಡು ಮಹಡಿ ಖಾಲಿಯಾಗಿತ್ತು. ಅಲ್ಲಿ ಹನ್ನೊಂದು ವರ್ಷ ದುಡಿದ ಮನೋಜನನ್ನು ಮೂರು ತಿಂಗಳ ಹಿಂದೆ ಒಂದು ಇಮೇಲ್ ಕಳಿಸಿ ತೆಗೆದುಹಾಕಿದ್ದರು.

"ಈಗ ಎಲ್ಲಿ ಕೆಲಸ?"

"ಇಲ್ಲೇ. ಕೋವಿಡ್ ಬಂದಾಗಿನಿಂದ ಲೀಲಾವತಿ ಆಂಟಿಗೆ ರುಚಿ ಗೊತ್ತಾಗಲ್ಲ. ದಿನಾ ಸಾಂಬಾರು, ಚಟ್ನಿ ಎಲ್ಲದಕ್ಕೂ ಉಪ್ಪು ಹುಳಿ ನಾನೇ ನೋಡಿ ಹೇಳಬೇಕು. ಸಂಬಳ ಇಲ್ಲ, ಎರಡು ಹೊತ್ತು ಊಟ. ಇಂಟರ್‌ವ್ಯೂ ಇದ್ದ ದಿನ ಬೇಗ ಬಿಡ್ತಾರೆ."

ಹೋಟೆಲಿನ ಒಡತಿ ಲೀಲಾವತಿ ಬಟ್ಟಲಲ್ಲಿ ಸಾಂಬಾರು ತಂದು ಅವನ ಮುಂದಿಟ್ಟರು. ಮನೋಜ್ ಕಣ್ಣು ಮುಚ್ಚಿ ಒಂದು ಚಮಚ ಕುಡಿದ. "ಹುಳಿ ಒಂಚೂರು ಮುಂದಿದೆ ಆಂಟಿ."

"ಅಚ್ಛಾ, ಬೆಲ್ಲ ಹಾಕ್ತೀನಿ ಬಿಡು."

ಅವನು ನಾಲ್ಕು ಇಡ್ಲಿ ತಿಂದು, ತಟ್ಟೆಯನ್ನು ತಾನೇ ತೊಳೆದಿಟ್ಟು, ಫೈಲು ಹಿಡಿದು ಮೆಟ್ರೋ ಕಡೆ ನಡೆದ.

ಲೀಲಾವತಿ ಎರಡು ಕಾಫಿ ತಂದು ಕೂತರು. ಒಂದು ಗುಟುಕು ಕುಡಿದವರೇ ಅಡುಗೆಮನೆಯ ಕಡೆ ತಿರುಗಿ, "ಭಯ್ಯಾ, ನಿನ್ನೆಯ ಡಿಕಾಕ್ಷನ್ನೇ ಕಾಯಿಸಿದ್ಯಾ? ಕಹಿ ಹೊಡೀತಿದೆ," ಎಂದರು. ಅಹಲ್ಯಾ ತಮ್ಮನ್ನೇ ನೋಡುತ್ತಿದ್ದಾಳೆಂದು ತಿಳಿದು ಲೋಟ ಕೆಳಗಿಟ್ಟರು.

"ಕೋವಿಡ್ ಬಂದಿದ್ದು ನಿಜ," ಎಂದರು ಮೆಲ್ಲಗೆ. "ರುಚಿ ಹದಿನೈದು ದಿನಕ್ಕೇ ವಾಪಸ್ ಬಂತು. ಕೆಲಸ ಹೋದಮೇಲೆ ಇವನು ಬರೀ ಕಾಫಿ ತಗೊಂಡು ಮಧ್ಯಾಹ್ನದವರೆಗೂ ಕೂತಿರ್ತಿದ್ದ. ಒಂದಿನ ಕೇಳದೇ ತಿಂಡಿ ತಂದಿಟ್ಟೆ. ಮುಟ್ಟದೆ ಎದ್ದುಹೋದ. ಆಮೇಲೆ ಒಂದು ವಾರ ಈ ಕಡೆ ತಲೆ ಹಾಕಲಿಲ್ಲ."

ಅಹಲ್ಯಾ ವಾಪಸು ಹೋಗುವಾಗ ಮೆಟ್ರೋದಲ್ಲಿ ನಿಂತೇ ಅದನ್ನು ಮೊಬೈಲಿನಲ್ಲಿ ಬರೆದಳು. ವರ್ಷಗಳಿಂದ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಸಂಪಾದಕರಿಗೆ ಫೋನ್ ಮಾಡಿ, ಒಳ್ಳೆಯ ಪ್ಯಾರಾ ಸಿಕ್ಕಿದೆ ಎಂದೂ ಹೇಳಿದಳು. ಆಮೇಲೆ ಮತ್ತೊಮ್ಮೆ ಓದಿದಳು. ಮನೋಜನ ಹೆಸರು ಬದಲಾಯಿಸಿದಳು. ನೋಯ್ಡಾ ತೆಗೆದು ಗುರುಗ್ರಾಮ ಮಾಡಿದಳು. ಸಾಂಬಾರು ಹೋಗಿ ದಾಲ್ ಆಯಿತು. ಯಮುನಾ ಬ್ಯಾಂಕ್ ನಿಲ್ದಾಣ ಬರುವಷ್ಟರಲ್ಲಿ ಇಡೀ ಪ್ಯಾರಾ ಅಳಿಸಿದ್ದಳು.

ಸಂಜೆ ಸಂಪಾದಕ ಇಂದುಶೇಖರ ಫೋನ್ ಮಾಡಿದರು. "ವರದಿ ಬಂತು. ಹೋಟೆಲಿನ ಪ್ಯಾರಾ ಎಲ್ಲಿ?"

"ತೆಗೆದೆ ಸರ್."

"ಯಾಕಮ್ಮ? ಹೆಸರು ಬದಲಾಯಿಸಿದ್ರೆ ಆಗ್ತಿತ್ತಲ್ಲ."

"ಬದಲಾಯಿಸಿ ನೋಡಿದೆ. ಆದ್ರೂ ಅವನಿಗೆ ಗೊತ್ತಾಗುತ್ತೆ. ಅವನೂ ಕನ್ನಡದವನೇ, ದಿನಾ ಮೊಬೈಲಲ್ಲಿ ನಮ್ಮ ಪೇಪರ್ ಓದ್ತಾನೆ ಸರ್."

ನಡೆದದ್ದನ್ನೆಲ್ಲ ಹೇಳಿದಳು.

"ಸರಿ," ಎಂದರು ಇಂದುಶೇಖರ. "ಆ ಜಾಗಕ್ಕೆ ಜಿಡಿಪಿ ಅಂಕಿ ತುಂಬಿಸಿ ಕಳಿಸು. ಅದರಿಂದ ಯಾರ ಊಟವೂ ತಪ್ಪಲ್ಲ."