ಅರ್ಧ ಸ್ವರ

ಕವೆ ಸುಳ್ಳು ಹೇಳುತ್ತಿತ್ತು.

ಕಿವಿಯಣ್ಣ ಅದನ್ನು ಮತ್ತೊಮ್ಮೆ ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದ. ಎರಡು ಕಾಲಿನ ಆ ಉಕ್ಕಿನ ಶ್ರುತಿಕವೆ ಅಪ್ಪನ ಕಾಲದ್ದು. ಬಡಿದರೆ ಒಂದೇ ಸ್ವರ. ಊರಿನ ಪಿಯಾನೊಗಳೆಲ್ಲ ಆ ಸ್ವರಕ್ಕೇ ಶ್ರುತಿಗೊಳ್ಳುತ್ತಿದ್ದವು. ಇಪ್ಪತ್ತೆರಡು ವರ್ಷ ಕೂದಲೆಳೆಯಷ್ಟೂ ಕದಲದ ಕವೆ ಈಗ ಅರ್ಧ ಸ್ವರ ಕೆಳಗಿತ್ತು.

ಕವೆ ತಾನಾಗಿ ಇಳಿಯುವುದಿಲ್ಲ. ಅದರ ಬುಡವನ್ನು ಯಾರಾದರೂ ಅರದಿಂದ ಉಜ್ಜಿ ಸವೆಸಬೇಕು. ಮನೆಯಲ್ಲಿ ಅರ ಇದ್ದದ್ದು ಒಬ್ಬನ ಪೆಟ್ಟಿಗೆಯಲ್ಲಿ. ಜೊತೆಗೇ ಕೆಲಸ ಮಾಡುವ ತಮ್ಮನ ಪೆಟ್ಟಿಗೆಯಲ್ಲಿ.

ಭೂತಗನ್ನಡಿ ಹಿಡಿದು ನೋಡಿದ. ಅರ ಹಾಕಿದ ಗುರುತು ಇರಲಿಲ್ಲ. ಇರುವುದೂ ಇಲ್ಲ. ತಮ್ಮನ ಕೈ ಅಷ್ಟು ನಾಜೂಕು. ಕಲಿಸಿದವನು ತಾನೇ ಅಲ್ಲವೇ?

ಕಾರಣವೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಕಿವಿಯಣ್ಣ ಹನ್ನೊಂದು ದಿನ ಕಣ್ಣು ಮುಚ್ಚಿರಲಿಲ್ಲ. ಎಲ್ಲ ಸ್ವರಗಳ ತಾಯಿಸ್ವರ ಒಳಗೆಲ್ಲೋ ಅಡಗಿದೆ ಎಂದು ಸಂಗೀತ ಶಾಲೆಯ ಮೂರು ಪಿಯಾನೊಗಳನ್ನೂ ಬಿಚ್ಚಿ ಹರಡಿಕೊಂಡು ಕೂತಿದ್ದ. ಆಸ್ಪತ್ರೆಯಾಯಿತು. ಮಾತ್ರೆಗಳಿಂದ ತಲೆ ಹತೋಟಿಗೆ ಬಂತು, ಕೈ ನಡುಗತೊಡಗಿತು. ನಡುಗುವ ಕೈಯಲ್ಲಿ ಶ್ರುತಿಯ ಚಾವಿ ನಿಲ್ಲುವುದಿಲ್ಲ. ನಾಲ್ಕು ತಿಂಗಳ ಹಿಂದೆ ಅಷ್ಟೂ ಮಾತ್ರೆಗಳನ್ನು ಚರಂಡಿಗೆ ಸುರಿದಿದ್ದ.

"ಅಣ್ಣಾ, ಬೇಕಾದ್ರೆ ಬೇರೆ ಮಾತ್ರೆ ಕೇಳೋಣ. ಪೂರ್ತಿ ನಿಲ್ಲಿಸ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ" ಎಂದಿದ್ದ ತಮ್ಮ.

"ಯಾವ ಮಾತ್ರೇನೂ ಬೇಡ ಬಿಡಿ. ನಿಮ್ಮ ಕೈ ನಿಮ್ಮ ಮಾತು ಕೇಳಿದ್ರೆ ಸಾಕು" ಎಂದಿದ್ದಳು ಹೆಂಡತಿ. ಆ ಒಂದು ಮಾತಿಗೆ ಅವನು ಅವಳಿಗೆ ಜನ್ಮವಿಡೀ ಋಣಿ.

ಈಗ ಕೈ ಬಂಡೆಯ ಹಾಗೆ. ಹೋದ ತಿಂಗಳು ನಾಲ್ಕಾರು ದಿನ ನಿದ್ದೆ ಕೈಕೊಟ್ಟಿತ್ತು, ನಿಜ. ಅದೂ ತಾನಾಗಿ ಸರಿಹೋಯಿತು. ಒಂದೇ ಒಂದು ಮಾತ್ರೆ ಇಲ್ಲದೆ! ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ. ತಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ಕವೆಯನ್ನು ಕೆಡಿಸಿ, ಅಣ್ಣನ ತಲೆಯೇ ಮತ್ತೆ ಕೆಟ್ಟಿದೆ ಎಂದು ತೋರಿಸಲು ಹೊರಟಿದ್ದಾನೆ.

"ಬಾಯಿ ತೆರೀರಿ."

ಹೆಂಡತಿ ಚಮಚ ಹಿಡಿದು ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗುರುತು ಹಾಕುವ ನೀಲಿ ಪೆನ್ಸಿಲು ಸದಾ ಕಿವಿಯ ಮೇಲೆ. ಮೂರು ವಾರದಿಂದ ಬೆಳಿಗ್ಗೆ ಒಂದು, ಸಂಜೆ ಒಂದು ಚಮಚ ಜೇನು, ಕಾಳುಮೆಣಸು ಕುಟ್ಟಿ ಬೆರೆಸಿ. ಚಮಚವನ್ನು ಅವನ ಕೈಗೆ ಕೊಡುತ್ತಿರಲಿಲ್ಲ, ತಾನೇ ತಿನ್ನಿಸುತ್ತಿದ್ದಳು.

"ಮದುವೆಯಾದ ಹೊಸದರಲ್ಲೂ ಇಷ್ಟು ಉಪಚಾರ ಕಾಣಲಿಲ್ಲವಲ್ಲೇ!"

"ಆಗ ನೀವು ಇಷ್ಟು ಹಠ ಮಾಡ್ತಿರಲಿಲ್ಲ. ನುಂಗಿ."

ನುಂಗಿದ. ಅವಳು ಮತ್ತೆ ಹೊಲಿಯಲು ಕೂತಳು. ಯಂತ್ರದ ಸದ್ದು ಜಗ್ಗಿದಂತಿತ್ತು. ಎಣ್ಣೆ ಬಿಡಬೇಕು ಅಂದುಕೊಂಡ. ಎದುರಿನ ಶಾಲೆಯ ಗಂಟೆಯೂ ಮಂಕಾಗಿ ಬಾರಿಸಿತು. ಬಿರುಕು ಬಿಟ್ಟಿರಬೇಕು.

ಪಿಯಾನೊ ಪರೀಕ್ಷಿಸಲು ಹೋದವನನ್ನು ಸಂಗೀತ ಶಾಲೆಯಲ್ಲಿ ಹೆಡ್ ಮೇಡಂ ತಡೆದರು. "ಮೊನ್ನೆ ತಾನೇ ನಿಮ್ಮ ತಮ್ಮ ಶ್ರುತಿ ಮಾಡಿ ಹೋದ್ರು. ಚೆನ್ನಾಗೇ ಇತ್ತಲ್ಲ?"

ಕಿವಿಯಣ್ಣ ಪಿಯಾನೊದ ಒಂದು ಕೀಲಿ ಒತ್ತಿದ. ಅನುಮಾನವೇ ಇಲ್ಲ. ಕೆಟ್ಟ ಕವೆ ಹಿಡಿದು ಇಡೀ ಪಿಯಾನೊವನ್ನೇ ಅರ್ಧ ಸ್ವರ ಇಳಿಸಿಟ್ಟಿದ್ದಾನೆ! ಕವೆಯನ್ನು ಜೇಬಿಗಿಟ್ಟು, ಬರಿಯ ಕಿವಿಯನ್ನೇ ನಂಬಿ ತಂತಿಗಳನ್ನು ಬಿಗಿಯತೊಡಗಿದ. ಹದಿನಾರನೆಯ ತಂತಿ ಪಟ್ಟೆಂದು ಹರಿಯಿತು. ಆಮೇಲೆ ಇನ್ನೆರಡು. ಮೂರನೆಯದು ಅವನ ಕೆನ್ನೆಯ ಮೇಲೆ ಬರೆ ಎಳೆಯಿತು.

"ಸಾಕು, ನಿಲ್ಲಿಸಿ" ಎಂದರು ಮೇಡಂ. "ನಿಮ್ಮ ತಮ್ಮನ್ನ ಕಳಿಸಿ."

ಮನೆಗೆ ಬಂದವನೇ ತಮ್ಮನ ಕೊರಳಪಟ್ಟಿ ಹಿಡಿದ. "ಕವೆಗೆ ಏನು ಮಾಡಿದೆ?"

"ಏನೂ ಮಾಡಿಲ್ಲ ಅಣ್ಣ. ಕವೆ ಸರಿಯಾಗೇ ಇದೆ."

"ಹಾಗಾದ್ರೆ ನನ್ನ ಕಿವಿ ಕೆಟ್ಟಿದೆ ಅನ್ನು. ಬಾಯಿಬಿಟ್ಟು ಅಂದುಬಿಡು!"

ತಮ್ಮ ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿದ. "ಅತ್ತಿಗೆ, ನೀವಾದ್ರೂ ಹೇಳಿ."

ಅವಳು ಚಮಚ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸಿದಳು. "ನನಗೇನು ತಿಳಿಯುತ್ತಪ್ಪ, ಸ್ವರ ಗಿರ ಎಲ್ಲ?"

ಕಿವಿಯಣ್ಣ ತಮ್ಮನ ಪೆಟ್ಟಿಗೆಯನ್ನು ಬೀದಿಗೆಸೆದ. ತಮ್ಮ ಮಂಡಿಯೂರಿ ಕೂತು ಅರಗಳನ್ನು ಒಂದೊಂದಾಗಿ ಆಯ್ದುಕೊಂಡ. ತಿರುಗಿ ನೋಡದೆ ಹೋದ.

"ಹೋಗ್ಲಿ ಬಿಡಿ" ಎಂದಳು ಹೆಂಡತಿ, ಅವನ ಕೆನ್ನೆಗೆ ಮುಲಾಮು ಹಚ್ಚುತ್ತ. "ನಾನಿದ್ದೀನಲ್ಲ."

ಒಂದು ವಾರಕ್ಕೆ ಹೊಸ ಕವೆ ಅಂಚೆಯಲ್ಲಿ ಬಂತು. ಕಾರ್ಖಾನೆಯ ಮುದ್ರೆ ಒಡೆಯದ ಡಬ್ಬಿ. ಯಾರ ಅರವೂ ಸೋಕದ್ದು. ಬಡಿದ.

ಅರ್ಧ ಸ್ವರ ಕೆಳಗೆ.

ಎರಡನ್ನೂ ಒಟ್ಟಿಗೆ ಬಡಿದ. ಒಂದಕ್ಕೊಂದು ಬೇರೆಯಾಗಿದ್ದರೆ ನಾದದಲ್ಲಿ ಅಲೆ ಏಳಬೇಕು. ಏಳಲಿಲ್ಲ. ಹಳೆಯದೂ ಹೊಸದೂ ಒಂದೇ ಗೆರೆ ಎಳೆದಂತೆ ಹಾಡಿದವು. ಹಾಗಾದರೆ ತಮ್ಮ... ಹಾಗಾದರೆ ತಾನು? ಮತ್ತೆ ಆ ಹನ್ನೊಂದು ದಿನಗಳೇ?

ಈ ಭಯವನ್ನು ಹೇಳಿಕೊಳ್ಳಲು ಇದ್ದವಳು ಒಬ್ಬಳೇ. ಅಡಿಗೆಮನೆಗೆ ಓಡಿದ. ಅವಳು ಅಲ್ಲಿರಲಿಲ್ಲ, ಹೊರಜಗಲಿಯಲ್ಲಿ ಯಾರದೋ ಅಳತೆ ತೆಗೆದುಕೊಳ್ಳುತ್ತಿದ್ದಳು. ಕಟ್ಟೆಯ ಮೇಲೆ ಜೇನಿನ ಶೀಸೆ, ಚಮಚ, ಪುಟ್ಟ ಒರಳು. ಒರಳಲ್ಲಿ ಕುಟ್ಟಿದ ಪುಡಿ ಬೆಳ್ಳಗಿತ್ತು.

ಕಾಳುಮೆಣಸು ಎಂದಿನಿಂದ ಬೆಳ್ಳಗಾಯಿತು?

ಮೆಣಸಿನ ಡಬ್ಬಿಯನ್ನು ಬೋರಲು ಹಾಕಿದ. ಕಾಳುಗಳ ಹಿಂದೆಯೇ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಗಳು ಉದುರಿದವು, ಅವಕ್ಕೆ ಸುತ್ತಿದ್ದ ಕಾಗದವೂ. ಮಾತ್ರೆಯ ಹೆಸರು ಹೊಸದು. ಕಾಯಿಲೆಯ ಹೆಸರು ಅವನದೇ. ಸಣ್ಣ ಅಕ್ಷರದಲ್ಲಿ ಅಡ್ಡಪರಿಣಾಮಗಳು. ಕೊನೆಯ ಸಾಲಿಗೆ ಬಂದ: 'ಅಪರೂಪಕ್ಕೆ ಕೆಲವರಿಗೆ ಎಲ್ಲ ಸ್ವರಗಳೂ ಇದ್ದುದಕ್ಕಿಂತ ಅರ್ಧ ಸ್ವರ ತಗ್ಗಿ ಕೇಳಿಸಬಹುದು.'

ಆ ಸಾಲಿನ ಕೆಳಗೆ ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು.