ಒಬ್ಬೊಬ್ಬರಿಗೆ ಒಂದೊಂದು ಊರು

ಹತ್ತಿರದವರೇ ಯಾರೋ ಸುದ್ದಿ ಮುಟ್ಟಿಸುತ್ತಿದ್ದರು. ಅಷ್ಟು ಖಚಿತ. ಐಜಾದಾ ಟೆಕ್ಸಸ್‌ನಲ್ಲಿ ತನ್ನ ದೇಶದ ಸರ್ಕಾರದ ವಿರುದ್ಧ ಬೋರ್ಡ್ ಹಿಡಿದು ನಿಲ್ಲುವ ಹಿಂದಿನ ದಿನವೇ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಅವಳ ತಮ್ಮ ನುರ್ಲಾನ್‌ಗೆ ಠಾಣೆಯಿಂದ ಕರೆ ಬರುತ್ತಿತ್ತು. ಮಾರ್ಚ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಅಕ್ಕ ಎಲ್ಲಿ ನಿಲ್ಲುತ್ತಾಳೆ, ಎಷ್ಟು ಹೊತ್ತಿಗೆ, ಎಲ್ಲವೂ ಪೊಲೀಸರಿಗೆ ಗೊತ್ತಿತ್ತು. ಎರಡು ಸಲವೂ ಸಂಜೆಗೆ ಅವನನ್ನು ಮನೆಗೆ ಕಳಿಸಿದ್ದರು. ಮೂರನೆಯ ಸಲ ಏನೋ ಗೊತ್ತಿಲ್ಲ. ಐಜಾದಾಳ ಜೊತೆ ಬೋರ್ಡ್ ಹಿಡಿಯುವ ಗೆಳೆಯ ತೆಮಿರ್‌ನ ಅಣ್ಣ ಅಲ್ಲಿ ಒಂದು ವ್ಯಂಗ್ಯಚಿತ್ರ ಹಂಚಿಕೊಂಡಿದ್ದಕ್ಕೆ ಜೈಲು ಸೇರಿದ್ದ.

ಕಿರ್ಗಿಸ್ತಾನ ಬೀದಿಗಿಳಿದು ಮೂವರು ಅಧ್ಯಕ್ಷರನ್ನು ಓಡಿಸಿದ ದೇಶ. ಕೊನೆಯವನನ್ನು ಓಡಿಸಿದ ರಾತ್ರಿ ಐಜಾದಾ ಚೌಕದಲ್ಲಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ಆಮೇಲೆ ಬಂದವರು ಅವಳು ಬರೆಯುತ್ತಿದ್ದ ಪತ್ರಿಕೆಗೆ ಬೀಗ ಹಾಕಿದರು. ಓಡಿಸುವ ಕಾಲ ಮುಗಿದಿತ್ತು.

ಬಲೆಯ ಉಪಾಯ ನುರ್ಲಾನ್‌ನದೇ. ಈ ಶನಿವಾರ ಎಲ್ಲಿಗೂ ಹೋಗಬೇಡ, ಹೋಗುತ್ತೇನೆಂದು ಒಬ್ಬೊಬ್ಬರಿಗೆ ಒಂದೊಂದು ಊರು ಹೇಳು ಎಂದಿದ್ದ. ಪೊಲೀಸರ ಬಾಯಲ್ಲಿ ಯಾವ ಊರು ಬರುತ್ತದೋ ನೋಡೋಣ.

ಎಲ್ಲರ ಫೋಟೊ ತೆಗೆಯುತ್ತಲೇ ಇರುವ ತೆಮಿರ್‌ಗೆ ಡಾಲಸ್ ಎಂದಳು. ಡಾಲಸ್ ಪಕ್ಕದ ರಿಚರ್ಡ್‌ಸನ್‌ನ ಅಪಾರ್ಟ್‌ಮೆಂಟಿನಲ್ಲಿ ಜೊತೆಗಿರುವ ಮೈಸೂರಿನ ಶರ್ವಾಣಿಗೆ ಹ್ಯೂಸ್ಟನ್. ಶರ್ವಾಣಿಯ ತಮ್ಮ ರಿಷಭ್ ಬಿಷ್ಕೆಕ್‌ನಲ್ಲೇ ಎಂಬಿಬಿಎಸ್ ಓದುತ್ತಿದ್ದ. ಸಹಪಾಠಿಗಳು ವೀಸಾಕ್ಕೆ ತಿಂಗಳುಗಟ್ಟಲೆ ಅಲೆಯುತ್ತಿದ್ದಾಗ ಅವನದು ಒಂದೇ ವಾರದಲ್ಲಿ ಮುಂದುವರಿದಿತ್ತು.

ಅಂದು ಸಂಜೆಯೇ ಶರ್ವಾಣಿ ಬಾಲ್ಕನಿಯಲ್ಲಿ ನಿಂತು ರಿಷಭ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ಶನಿವಾರ ಐಜಾದಾ ಜೊತೆ ಹ್ಯೂಸ್ಟನ್‌ಗೆ ಹೋಗ್ತಿದೀನಿ ಕಣೋ.”

“ನಿಂದು ಸ್ಟೂಡೆಂಟ್ ವೀಸಾ ಅಕ್ಕ. ಲೀಡರ್ ಆಗಕ್ಕೆ ಹೋಗ್ಬೇಡ.”

“ಬೋರ್ಡ್ ಹಿಡ್ಕೊಂಡ್ರೆ ಲೀಡರಾ? ಅಮ್ಮಂಗೆ ಮಾತ್ರ ಹೇಳ್ಬೇಡ.”

ಗಾಜಿನ ಬಾಗಿಲ ಈಚೆ ನಿಂತಿದ್ದ, ಕನ್ನಡ ಬಾರದ ಐಜಾದಾಳಿಗೆ ತಿಳಿದದ್ದು ಇಷ್ಟೇ: ತನ್ನ ಹೆಸರು, ಹ್ಯೂಸ್ಟನ್. ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ಅಡುಗೆಮನೆಗೆ ಹೋಗಿ ಕುಳಿತಳು. ಫೆಬ್ರವರಿಯಲ್ಲಿ ಅವಳನ್ನು ನೋಡಲು ಬಂದ ತಾಯಿ ಗುಲ್ಸಾರಾ ಹಿಟ್ಟು ನಾದುತ್ತಿದ್ದರು. ಶನಿವಾರ ಮತ್ತೆ ಬೋರ್ಡ್ ಹಿಡಿಯಲು ಹೋಗುತ್ತೀಯಾ, ಎಲ್ಲಿಗೆ, ಊಟಕ್ಕೆ ಬರುತ್ತೀಯಾ ಎಂದು ಕೇಳಿದರು. ಬಾಯಿಗೆ ಬಂದ ಊರೊಂದನ್ನು ಹೇಳಿ, ಊಟಕ್ಕೆ ಬರುವುದಿಲ್ಲ ಎಂದಳು.

ಶುಕ್ರವಾರ ಬೆಳಿಗ್ಗೆ ನುರ್ಲಾನ್ ಫೋನ್ ಮಾಡಿದ. ಬಿಷ್ಕೆಕ್‌ನಲ್ಲಿ ಆಗಲೇ ಸಂಜೆ. ಮಧ್ಯಾಹ್ನ ಠಾಣೆಗೆ ಕರೆಸಿದ್ದರಂತೆ. ಈಗಷ್ಟೇ ಬಿಟ್ಟಿದ್ದರು.

“ಆಸ್ಟಿನ್,” ಎಂದ.

ಎದುರಿಗೆ ಶರ್ವಾಣಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಹ್ಯೂಸ್ಟನ್‌ಗೆ ಬಸ್ಸೋ ಕಾರೋ ಎಂದು ವಿಚಾರಿಸುತ್ತಿದ್ದಳು. ಐಜಾದಾ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟಳು. ಆಸ್ಟಿನ್ ಎಂದು ಅವಳು ಹೇಳಿದ್ದು ಒಬ್ಬರಿಗೆ ಮಾತ್ರ.

ಒಲೆಯ ಮುಂದಿದ್ದ ತಾಯಿ ತಿರುಗಿ ನೋಡಲಿಲ್ಲ.

“ಈ ಸಲವೂ ಅವನನ್ನು ಮನೆಗೆ ಕಳಿಸಿದರಲ್ಲ?” ಎಂದರು. “ಅವರು ನನಗೆ ಕೊಟ್ಟ ಮಾತಿಗೆ ತಪ್ಪುವುದಿಲ್ಲ.”