ದೇವರ ಪಾಲಿನ ಅಕ್ಕಿ

ಆಹಾರ ಇಲಾಖೆಯಿಂದ ತಪಾಸಣೆಗೆ ಬಂದ ಅಧಿಕಾರಿ ಚರ್ಚಿನ ಮೂಲೆಯಲ್ಲಿದ್ದ ಮೂಟೆಗೆ ಕೈಹಾಕಿ ಒಂದು ಹಿಡಿ ಅಕ್ಕಿ ಎತ್ತಿದಾಗ, ಅದನ್ನು ನೋಡಿಕೊಳ್ಳುವ ಕರುಣಮ್ಮ ಓಡಿ ಬಂದಳು. ಕಾಳು ನೋಡಿದರೆ ಸಾಕು, ರೇಷನ್ ಅಕ್ಕಿ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಹನಗೋಡಿನ ಸುತ್ತ ಕೂಲಿ ಮಾಡುವ ಹನ್ನೆರಡು ಮನೆಯ ಹೆಂಗಸರು ಅನ್ನಕ್ಕಿಡುವಾಗೆಲ್ಲ ದೇವರ ಹೆಸರಲ್ಲಿ ಒಂದೊಂದು ಹಿಡಿ ತೆಗೆದಿಟ್ಟು, ಭಾನುವಾರ ತಂದು ಸುರಿದದ್ದು ಅದು.

“ಸರ್ಕಾರದ ಅಕ್ಕಿ ಕೂಡಿಹಾಕಿ ಮಾರ್ತೀರಾ? ಯಾರ್ಯಾರು ಕೊಟ್ಟಿದ್ದು ಹೇಳಿ. ಅವರ ಕಾರ್ಡೆಲ್ಲ ರದ್ದಾಗುತ್ತೆ.”

“ಮಾರಕಲ್ಲ ಸಾ. ದೇವ್ರ ಪಾಲು.”

“ನಿಮ್ಮ ದೇವರು ರೇಷನ್ ಅಕ್ಕಿ ತಿಂತಾನಾ?”

ಹನ್ನೆರಡು ಹೆಸರೂ ಕರುಣಮ್ಮನ ನಾಲಿಗೆಯ ತುದಿಗೆ ಬಂದು ನಿಂತವು. ಒಂದು ಜಾರಿದರೂ ಒಂದು ಮನೆಯ ಒಲೆ ಆರುತ್ತದೆ. ತನ್ನ ಮೂರು ಮೊಮ್ಮಕ್ಕಳು ಕಣ್ಣಮುಂದೆ ಸುಳಿದರೂ, “ಎಲ್ಲಾ ನಂದೇ ಸಾ. ನನ್ ಕಾರ್ಡೊಂದ್ ಬರ್ಕೊಳಿ” ಅಂದುಬಿಟ್ಟಳು. ಅಧಿಕಾರಿ ಅಕ್ಕಿಯನ್ನು ಎಡಮುಷ್ಟಿಯಲ್ಲೇ ಹಿಡಿದು ಪೆನ್ನು ತೆಗೆದ.

ಅಷ್ಟರಲ್ಲಿ ಚಿಕ್ಕಬೀರಮ್ಮ ಒಳಗೆ ಬಂದಳು. ಅವಳು ಚರ್ಚಿನವಳಲ್ಲ, ಹೊಗೆಸೊಪ್ಪು ಪೋಣಿಸಿ ಪೋಣಿಸಿ ಬೆರಳು ಸವೆದು, ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟಿನ ಗುರುತು ಹಿಡಿಯದೆ, ನಾಲ್ಕು ತಿಂಗಳಿಂದ ರೇಷನ್ ಸಿಗದ ಮುದುಕಿ. ಕಣ್ಣೂ ಮಂಜು. ಅಕ್ಕಿ ಹಿಡಿದು ನಿಂತವನೇ ಇವತ್ತು ಹಂಚುವವನು ಅಂದುಕೊಂಡು ಅವನ ಮುಂದೆ ಸೆರಗೊಡ್ಡಿದಳು. ಅವನು ಸೆರಗನ್ನು ನೋಡಿದ, ಕರುಣಮ್ಮನನ್ನು ನೋಡಿದ. ಮುಷ್ಟಿ ನಿಧಾನವಾಗಿ ಬಿಚ್ಚಿತು.

“ಇಷ್ಟೇಯಾ? ಕರುಣವ್ವ ಸೇರ್ನಲ್ಲಿ ಅಳೀತಾಳೆ ಕಣಪ್ಪ,” ಎಂದಳು ಮುದುಕಿ.

ಅಧಿಕಾರಿ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಸೇರು ಎಲ್ಲಿದೆ ಎಂದು ಕೇಳಿದ. ಕರುಣಮ್ಮ ಅದನ್ನು ಮೂಟೆಯ ಪಕ್ಕದಿಂದ ಎತ್ತಿ ಅವನ ಕೈಗಿಟ್ಟಳು.